ಎರಡೂ ಕಾಲು ನೆಲ ಬಿಟ್ಟ ಫೋಟೋ

ಹೋದ ತಿಂಗಳು ಮದುವೆಯೊಂದಕ್ಕೆ ಹಳೇಕೋಟೆಗೆ ಹೋಗಿದ್ದೆ. ಮುಹೂರ್ತ ಹತ್ತೂವರೆಗೆ. ನಾನು ಎಂಟಕ್ಕೇ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿದ್ದೆ. ಜೊತೆಗೆ ಬರಬೇಕಿದ್ದ ನೆಂಟರು ಬಂದದ್ದು ಒಂಬತ್ತಕ್ಕೆ. ಬಸ್ಸು ಪೇಟೆ ದಾಟಿದ ಮೇಲೆ ಕಿಟಕಿಯಿಂದ ಹುಚ್ಚೆಳ್ಳು ಹೂವಿನ ವಾಸನೆ ಒಳಗೆ ನುಗ್ಗಿತು. ರಾಗಿ ಹೊಲದ ನಡುವೆ ಸಾಲಾಗಿ ಹಳದಿ ಹೂ. ಆ ವಾಸನೆಯಲ್ಲಿ ಸ್ವಲ್ಪ ಒಗರು, ಸ್ವಲ್ಪ ಎಣ್ಣೆಯ ಜಿಡ್ಡು. ಅದನ್ನು ನಾನು ತೀರ ಹತ್ತಿರದಿಂದ ಮೂಸಿದ್ದು ಒಂದೇ ವರ್ಷ. ಇದೇ ರಸ್ತೆಯ ಪಕ್ಕದಲ್ಲಿ, ಹೊಲದ ಬದುವಿನ ಮೇಲೆ ಬೋರಲಾಗಿ ಮಲಗಿದ್ದೆ, ಕೈಯಲ್ಲಿ ಕ್ಯಾಮೆರಾ ಇತ್ತು. ಆಗ ನನಗೆ ಹದಿನೆಂಟು. ನಲವತ್ತರ ದಶಕ, ಯುದ್ಧ ನಡೆಯುತ್ತಿದ್ದ ಕಾಲ.

ಹಾಸನದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಇದ್ದದ್ದು ಸೋದರಮಾವನ ಮನೆಯಲ್ಲಿ. ಮಾವ ಪೇಟೆಯಲ್ಲಿ ಚಿಕ್ಕದೊಂದು ಫೋಟೋ ಸ್ಟುಡಿಯೋ ಇಟ್ಟಿದ್ದರು. ಬೆಳಿಗ್ಗೆ ಐದಕ್ಕೆ ಏಳಬೇಕು, ಐದೂವರೆಗೆ ಸ್ನಾನ, ಆರಕ್ಕೆ ಕತ್ತಲೆ ಕೋಣೆಯ ತಟ್ಟೆಗಳನ್ನು ತೊಳೆದು ಜೋಡಿಸಬೇಕು. ಎಡಕ್ಕೆ ಡೆವಲಪರ್, ನಡುವೆ ನೀರು, ಬಲಕ್ಕೆ ಚಿತ್ರ ಮಾಸದಂತೆ ಹಿಡಿಸುವ ಹೈಪೋ. ಜಾಗ ಒಂದು ಅಂಗುಲ ಆಚೀಚೆ ಆದರೆ ಮಾವ ಬೈಯುತ್ತಿರಲಿಲ್ಲ, ಎಲ್ಲವನ್ನೂ ತೆಗೆದು ಮತ್ತೆ ಮೊದಲಿನಿಂದ ಜೋಡಿಸಲು ಹೇಳುತ್ತಿದ್ದರು. ಯಾರ ಫೋಟೋ ಆಗಲಿ, ಹೆಸರು, ಊರು, ಯಾವಾಗ, ಏನು ಮಾಡುತ್ತಿದ್ದಾಗ ಎಂದು ಬರೆಯದೆ ಅಂಗಡಿಯಿಂದ ಆಚೆ ಹೋಗುತ್ತಿರಲಿಲ್ಲ. ಈ ಶಿಸ್ತು ನನ್ನ ಮೈಗೆ ಅಂಟಿತು, ಇವತ್ತಿಗೂ ಬಿಟ್ಟಿಲ್ಲ. ಆ ವರ್ಷ ನನ್ನನ್ನು ಹಳ್ಳಕ್ಕೆ ಕೆಡವಿದ್ದೂ ಅದೇ.

ಕಾಲೇಜಿನಲ್ಲಿ ವ್ಯಾಯಾಮದ ಮೇಷ್ಟ್ರು ಬೋಪಯ್ಯನವರು. ಕೊಡಗಿನವರು, ಸೈನ್ಯದಲ್ಲಿದ್ದು ಬಂದವರು. ಜೂನ್ ಕೊನೆಯಲ್ಲಿ ಒಂದು ದಿನ ನನ್ನನ್ನು ಕರೆದರು.

"ನಿಮ್ಮ ಮಾವನ ಹತ್ತಿರ ಕ್ಯಾಮೆರಾ ಇದೆಯಲ್ಲ. ಈ ವರ್ಷ ಒಬ್ಬ ಓಟಗಾರನ ಹಿಂದೆ ಬೀಳು. ಗೆದ್ದು ಹಗ್ಗ ಮುಟ್ಟುವ ಫೋಟೋ ನನಗೆ ಬೇಡ, ಅದನ್ನು ಯಾರು ಬೇಕಾದರೂ ತೆಗೆಯುತ್ತಾರೆ. ಅದಕ್ಕೆ ಮುಂಚೆ ಏನೇನು ನಡೆಯುತ್ತದೆ, ಅದು ಬೇಕು. ಪ್ರತಿ ತಿಂಗಳ ಕೊನೆಯ ದಿನ ವಾಚನಾಲಯದ ಹಲಗೆಗೆ ಅಂಟಿಸು. ವರ್ಷದ ಕೊನೆಗೆ ಎಲ್ಲ ಸೇರಿ ಕಾಲೇಜಿನ ಪತ್ರಿಕೆಯಲ್ಲಿ ಬರುತ್ತದೆ."

"ಯಾರ ಹಿಂದೆ ಸಾರ್?"

"ಇನ್ಯಾರು? ಪುಟ್ಟಬಸವ."

ಪುಟ್ಟಬಸವ ಹಳೇಕೋಟೆಯವನು, ಹಾಸ್ಟೆಲಿನಲ್ಲಿದ್ದ, ನನ್ನ ತರಗತಿಯವನೇ. ತೆಳ್ಳಗೆ, ಉದ್ದಕ್ಕೆ. ಮೂರು ಮೈಲಿ ಓಟದಲ್ಲಿ ಮೊದಲ ಸುತ್ತಿನಲ್ಲಿ ಹೆಜ್ಜೆ ಎಷ್ಟು ಉದ್ದವೋ ಕೊನೆಯ ಸುತ್ತಿನಲ್ಲೂ ಅಷ್ಟೇ. ಬೋಪಯ್ಯ ಮೇಷ್ಟ್ರು ಕೈಗಡಿಯಾರ ಹಿಡಿದು ನೋಡಿ, "ಇದನ್ನು ಯಾರೋ ಕಲಿಸಿದ್ದು ನಿನಗೆ?" ಎಂದು ಕೇಳುತ್ತಿದ್ದರು. ಅವನು "ಯಾರೂ ಇಲ್ಲ ಸಾ" ಎಂದು ನೆಲ ನೋಡುತ್ತಿದ್ದ.

ಯುದ್ಧದ ದೆಸೆಯಿಂದ ಫಿಲ್ಮ್ ಸಿಗುವುದೇ ಕಷ್ಟವಾಗಿತ್ತು. ಮಾವ ತಿಂಗಳಿಗೊಂದು ಸುರುಳಿ ಕೊಡಲು ಒಪ್ಪಿದರು. ಒಂದರಲ್ಲಿ ಎಂಟೇ ಫೋಟೋ. ಅದಕ್ಕಿಂತ ದೊಡ್ಡ ಕಷ್ಟ ಪುಟ್ಟಬಸವನೇ. ಕ್ಯಾಮೆರಾ ಕಂಡರೆ ಸಾಕು, ಓಡುತ್ತಿದ್ದವನು ನಿಂತು, ಎರಡು ಕೈಯನ್ನೂ ತೊಡೆಗೆ ಅಂಟಿಸಿ, ಉಸಿರು ಬಿಗಿಹಿಡಿಯುತ್ತಿದ್ದ. ಮಾರನೆಯ ದಿನ ಕೂದಲಿಗೆ ಎಣ್ಣೆ ಹಚ್ಚಿ ಬಾಚಿ, ಹಾಸ್ಟೆಲಿನಲ್ಲಿ ಯಾರದೋ ಕೋಟು ಬೇಡಿ ತೊಟ್ಟು ಮೈದಾನಕ್ಕೆ ಬಂದ. ನಾನೊಂದು ಉಪಾಯ ಮಾಡಿದೆ. ಫಿಲ್ಮ್ ಹಾಕದ ಕ್ಯಾಮೆರಾ ಹಿಡಿದು ಇಡೀ ಜುಲೈ ತಿಂಗಳು ಅವನ ಹಿಂದೆ ತಿರುಗಿದೆ. ಬೆಳಿಗ್ಗೆ ಆರೂವರೆಗೆ ಮೈದಾನ, ಸಂಜೆ ನಾಲ್ಕೂವರೆಗೆ ಮತ್ತೆ ಮೈದಾನ, ಸುಮ್ಮನೆ ಟಿಕ್ ಟಿಕ್. ಕೊನೆಗೆ ಅವನಿಗೆ ಬೇಸರವಾಗಿ ನನ್ನತ್ತ ನೋಡುವುದನ್ನೇ ಬಿಟ್ಟ. ಇನ್ನು ಫಿಲ್ಮ್ ಹಾಕಬಹುದು ಎನ್ನಿಸಿತು.

"ಇದುವರ್ಗೂ ಎಷ್ಟ್ ಹಿಡ್ದಿದ್ದೀಯ?" ಎಂದು ಒಂದು ದಿನ ಕೇಳಿದ.

"ಒಂದೂ ಇಲ್ಲ. ಖಾಲಿ ಡಬ್ಬ."

ಅವನು ತಲೆಯ ಮೇಲೆ ಕೈಯಾಡಿಸಿಕೊಂಡ. "ಒಂದ್ ತಿಂಗ್ಳು ತಲೆ ಬಾಚ್ಕಂಡ್ ಬಂದಿದ್ದೆಲ್ಲ ದಂಡ ಅನ್ಲಾ. ನಿಮ್ಮಂತೋರ್ನ ನಂಬ್ಬಾರ್ದು ಕಣ್ಲಾ ಶೇಷ."

ಅಲ್ಲಿಂದ ನಾವು ಸ್ನೇಹಿತರಾದೆವು.

ಆಗಸ್ಟಿನಲ್ಲಿ ಅರಕಲಗೂಡಿನಲ್ಲಿ ರಸ್ತೆ ಓಟ. ನಮ್ಮ ಕಡೆಯ ಜಡಿಮಳೆ, ಜೋರೂ ಇಲ್ಲ, ಬಿಡುವೂ ಇಲ್ಲ. ಬೋಪಯ್ಯ ಮೇಷ್ಟ್ರು ಅವನಿಗೆ ತಮ್ಮ ಕ್ಯಾನ್ವಾಸ್ ಶೂ ಕೊಟ್ಟಿದ್ದರು. ಅರ್ಧ ದಾರಿಯಲ್ಲಿ ಅವು ಕೆಸರು ಕುಡಿದು ಭಾರವಾದವು. ಅವನು ನಿಂತು, ಬಿಚ್ಚಿ, ಲೇಸುಗಳನ್ನು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು ಮತ್ತೆ ಓಡಿದ. ಮೂರನೆಯವನಾದ.

"ಬಿಸಾಕಿ ಓಡಿದ್ದರೆ ಗೆಲ್ಲುತ್ತಿದ್ದೆಯಲ್ಲೋ," ಎಂದರು ಮೇಷ್ಟ್ರು.

"ನಿಮ್ ಶೂ ಸಾ. ಎಂಗ್ ಬಿಸಾಕ್ಲಿ?"

ಅವರು ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದರು. ಕೊರಳಲ್ಲಿ ಶೂ, ಮೇಲೆ ಕೊಡೆ: ಆ ಸುರುಳಿಯ ಆರನೆಯ ಫೋಟೋ ಅದು.

ಸೆಪ್ಟೆಂಬರಿನಲ್ಲಿ ಚನ್ನರಾಯಪಟ್ಟಣದ ಕೂಟ. ಅಲ್ಲಿ ಗೆದ್ದ. ಓಟಕ್ಕೆ ಕಾಲು ಗಂಟೆ ಮುಂಚೆ ಎಲ್ಲೂ ಕಾಣಲಿಲ್ಲ. ಹುಡುಕಿದರೆ ಡೇರೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದ. ಪ್ರತಿ ಓಟಕ್ಕೂ ಮುಂಚೆ ಹೀಗೆಯೇ ಆಗುತ್ತದೆಂದು ನನಗೆ ಅಂದು ಗೊತ್ತಾಯಿತು. ಬಾಯಿ ತೊಳೆದು ಒದ್ದೆ ಟವಲು ತಲೆಗೆ ಹಾಕಿಕೊಂಡವನನ್ನು ತೆಗೆದೆ.

"ಇದ್ನೂ ಅಂಟಿಸ್ತೀಯೇನ್ಲಾ ಬೋರ್ಡ್‌ಗೆ?"

"ಅಂಟಿಸ್ತೀನಿ."

"ಅಂಟಿಸ್ಕೊ. ನಮ್ಮವ್ವ ಮಾತ್ರ ನೋಡಂಗಿಲ್ಲ. ಮುದ್ದೆ ಸಾಲ್ದೆ ಇಂಗಾಗೈತೆ ಅಂತ ಬಂದ್ಬುಡ್ತಾಳೆ ಆಸನಕ್ಕೆ."

ದಸರಾ ರಜೆಗೆ ಅವನ ಜೊತೆ ಹಳೇಕೋಟೆಗೆ ಹೋದೆ. ಓಟಗಾರನ ಮನೆಯೂ ಬೇಕಲ್ಲ ಎಂದು ನನ್ನ ಲೆಕ್ಕ. ಅವನ ತಂದೆ ಮಾದಪ್ಪ ಟಪ್ಪಾಲಿನವರು. ರೈಲಿನಲ್ಲಿ ಹೊಳೆನರಸೀಪುರಕ್ಕೆ ಬಂದ ಅಂಚೆಯಲ್ಲಿ ಹಳೇಕೋಟೆಯ ಚೀಲವನ್ನು ಹೊತ್ತು ದಿನವೂ ಓಡುತ್ತ ತಲುಪಿಸುವುದು ಅವರ ಕೆಲಸ. ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಇನ್ನು ಎರಡೇ ವರ್ಷ ಸೇವೆ ಉಳಿದಿತ್ತು. ಆದರೆ ಮಂಡಿ ಊದಿ ತೆಂಗಿನಕಾಯಿಯಷ್ಟಾಗಿತ್ತು. ವಾರದ ದಿನಗಳಲ್ಲಿ ಅದಕ್ಕೆ ಹರಳೆಲೆ ಕಟ್ಟಿ ಹೇಗೋ ಕಾಲೆಳೆದುಕೊಂಡು ಹೋಗುತ್ತಿದ್ದರು. ಮಗ ಊರಿಗೆ ಬರುತ್ತಿದ್ದ ಶನಿವಾರಗಳಲ್ಲಿ, ಕಾಲೇಜಿನ ರಜಾ ದಿನಗಳಲ್ಲಿ, ಪೇಟೆ ದಾಟಿದ ಮೇಲೆ ಚೀಲ ಮಗನ ಹೆಗಲಿಗೆ ಬರುತ್ತಿತ್ತು. ಇದು ಕೂಡದು. ಸರ್ಕಾರದ ಚೀಲ ನೇಮಕವಾದ ಮನುಷ್ಯನ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಂತಿಲ್ಲ, ಮಗನಾದರೂ ಸರಿ. ಹಳೇಕೋಟೆಯಲ್ಲಿ ಅಂಚೆ ನೋಡಿಕೊಳ್ಳುತ್ತಿದ್ದವರು ಶಾಲೆಯ ಮೇಷ್ಟ್ರು. ಅವರು ಚೀಲದ ಅರಗು ಮುದ್ರೆ ಸರಿಯಿದೆಯೇ ಎಂದು ನೋಡುತ್ತಿದ್ದರು, ತಂದವನ ಮುಖ ನೋಡುತ್ತಿರಲಿಲ್ಲ.

"ಇವ್ನಿಗೆ ನಾನೇ ಸ್ವಾಮಿ ಓಡಾದ್ ಕಲ್ಸಿದ್ದು," ಎಂದರು ಮಾದಪ್ಪ, ಜಗಲಿಯ ಮೇಲೆ ಕಾಲು ಚಾಚಿ. "ಚಿಕ್ಕೋನಿದ್ದಾಗ ನನ್ ಹಿಂದೆ ಬರೋನು. ಗೆಜ್ಜೆ ಒಂದೇ ಸಮ ನುಡೀಬೇಕು. ಒಂದ್ಸಲ ಜೋರು ಒಂದ್ಸಲ ಮೆಲ್ಲುಕ್ ಅಂದ್ರೆ ಓಡೋನು ದಣ್ದವ್ನೆ ಅಂತ ಲೆಕ್ಕ. ಕಳ್ಳಂಗೂ ಗೊತ್ತಾಯ್ತದೆ, ನಾಯಿಗೂ ಗೊತ್ತಾಯ್ತದೆ."

"ಬೋಪಯ್ಯ ಮೇಷ್ಟ್ರು ಕೇಳಿದಾಗ ಯಾರೂ ಕಲಿಸಲಿಲ್ಲ ಅಂದೆಯಲ್ಲೋ," ಎಂದೆ ಪುಟ್ಟಬಸವನಿಗೆ.

"ಯೋಳಿದ್ರೆ ಎಲ್ಲಾನೂ ಯೋಳ್ಬೇಕಾಯ್ತದಲ್ಲ," ಎಂದ.

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಬೆಳಕು, ದೂರ, ವೇಗ ಇಷ್ಟೇ ಇದ್ದವು. ಮೂರು ದಿನ ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಹುಚ್ಚೆಳ್ಳು ಸಾಲಿನ ಪಕ್ಕದ ಬದುವಿನ ಮೇಲೆ ಮಲಗಿ ಕಾದೆ. ಗೆಜ್ಜೆಯ ಸದ್ದು ಮೊದಲು ಬರುತ್ತಿತ್ತು, ಆಮೇಲೆ ಅವನು. ಮೂರನೆಯ ದಿನ ಸಿಕ್ಕಿತು. ಹೆಗಲ ಚೀಲ ಗಾಳಿಗೆ ಎದ್ದಿದೆ, ಕೋಲು ಮುಂದಕ್ಕೆ ಬಾಗಿದೆ, ಎರಡೂ ಕಾಲು ನೆಲ ಬಿಟ್ಟಿವೆ, ಕೆಳಗೆ ರಸ್ತೆಯ ಮೇಲೆ ಅವನ ನೆರಳು ಬೇರೆಯಾಗಿ ಬಿದ್ದಿದೆ. ಹಾಸನಕ್ಕೆ ಬಂದು ಕತ್ತಲೆ ಕೋಣೆಯಲ್ಲಿ ಅದು ಮೂಡಿದಾಗ ಮಾವ ನನ್ನ ಬೆನ್ನ ಹಿಂದೆ ನಿಂತಿದ್ದರು. ಎಂದೂ ಹೊಗಳದವರು, "ಇದನ್ನು ಇನ್ನೂ ಐದು ನಿಮಿಷ ಹೆಚ್ಚಿಗೆ ತೊಳಿ, ಬಹಳ ವರ್ಷ ಉಳಿಯಬೇಕು," ಎಂದರು.

ತಿಂಗಳ ಕೊನೆಯ ದಿನ, ತಪ್ಪದೆ, ಹಲಗೆಗೆ ಅಂಟಿಸಿದೆ. ಕೆಳಗೆ ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ: 'ಪುಟ್ಟಬಸವ, ಟಪ್ಪಾಲು ಹೊತ್ತು, ಹಳೇಕೋಟೆ ರಸ್ತೆ, ದಸರಾ ರಜೆ.' ಬರೆಯುವಾಗ ಕೈ ಒಂದು ಕ್ಷಣವೂ ತಡೆಯಲಿಲ್ಲ. ಪುಟ್ಟಬಸವ ವಾಚನಾಲಯದ ಕಡೆ ತಲೆ ಹಾಕುವವನಲ್ಲ. ಅವನು ನೋಡಲೂ ಇಲ್ಲ.

ಡಿಸೆಂಬರಿನಲ್ಲಿ ಹಾಸನದಲ್ಲೇ ಕೂಟ. ಬೆಳಿಗ್ಗೆ ಒಂಬತ್ತಾದರೂ ಮಂಜು ಬಿಡದೆ ಮೈದಾನದ ಆಚೆ ತುದಿ ಕಾಣುತ್ತಿರಲಿಲ್ಲ. ಮಂಜಿನೊಳಗೆ ಹೋದ ಓಟಗಾರರಲ್ಲಿ ಮೊದಲು ಹೊರಬಂದವನು ಪುಟ್ಟಬಸವ. ಅಲ್ಲಿ ಗೆದ್ದವರು ಜನವರಿಯಲ್ಲಿ ಮೈಸೂರಿನ ಕೊನೆಯ ಕೂಟಕ್ಕೆ ಹೋಗಬೇಕು. ಅದಕ್ಕಾಗಿಯೇ ಅವನು ವರ್ಷವೆಲ್ಲ ಓಡಿದ್ದು. ನನ್ನ ಹಲಗೆಯನ್ನು ಅತಿಥಿಗಳು ನೋಡಲೆಂದು ಶಾಮಿಯಾನದ ಕೆಳಗೆ ತಂದು ನಿಲ್ಲಿಸಿದ್ದರು. ನಾನು ಪಕ್ಕದಲ್ಲಿ ಮಡಿಸಿದ ಕೈ ಬಿಚ್ಚದೆ ನಿಂತಿದ್ದೆ. ಬೇರೊಂದು ಊರಿನ ಕಾಲೇಜಿನ ತಂಡದವರೊಬ್ಬರು ಆ ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಚೆನ್ನಾಗಿದೆ ಎಂದರು. ನಾನು ಬರೆದದ್ದನ್ನು ಎರಡು ಸಲ ಓದಿದರು.

ನಾಲ್ಕನೆಯ ದಿನ ಮೈಸೂರಿನ ಕೂಟ ನಡೆಸುವವರಿಂದ ಬೋಪಯ್ಯ ಮೇಷ್ಟ್ರಿಗೆ ಕಾಗದ ಬಂತು. ಓಡುವುದನ್ನೇ ಸಂಬಳದ ಕಸುಬು ಮಾಡಿಕೊಂಡವನು ವಿದ್ಯಾರ್ಥಿಗಳ ಕೂಟದಲ್ಲಿ ಓಡುವಂತಿಲ್ಲ. ನಿಮ್ಮ ಪುಟ್ಟಬಸವ ಟಪ್ಪಾಲಿನ ಓಟಗಾರನೆಂದು ದೂರು ಬಂದಿದೆ. ಎಂಟು ದಿನದೊಳಗೆ ಉತ್ತರ ಬರೆಯಿರಿ. ಅವರು ನಮ್ಮಿಬ್ಬರನ್ನೂ ಕೋಣೆಗೆ ಕರೆದು ಫೋಟೋವನ್ನು ಮೇಜಿನ ಮೇಲಿಟ್ಟರು.

"ಇದು ನೀನೇನೋ?"

"ಔದು ಸಾ."

"ಸಂಬಳಕ್ಕೆ ಹೊತ್ತೆಯಾ?"

"ಇಲ್ಲ ಸಾ."

"ಮತ್ತೆ ಯಾಕೆ ಹೊತ್ತೆ? ಅದನ್ನು ಹೇಳು. ನಾನು ಬರೆದು ಕಳಿಸುತ್ತೇನೆ, ಮುಗಿಯಿತು."

ಪುಟ್ಟಬಸವ ಎಂದಿನಂತೆ ನೆಲ ನೋಡಿದ. ನನಗೆ ಆಗ, ಅಷ್ಟು ತಡವಾಗಿ, ಹೊಳೆಯಿತು. ಅಪ್ಪನ ಬದಲು ಹೊತ್ತೆ ಎಂದರೆ ಇವನು ಓಡಬಹುದು, ಅಪ್ಪನ ಕೆಲಸ ಹೋಗುತ್ತದೆ.

"ನಾನು ಮೈಸೂರ್ಗೆ ಓಗಕ್ಕಿಲ್ಲ ಸಾ," ಎಂದ. "ಎಸ್ರು ತೆಗ್ದಾಕ್ಬುಡಿ. ಆಗ ಯಾರೂ ಏನೂ ಕೇಳಕ್ಕಿಲ್ಲ ಅಲ್ವ್ರಾ?"

ಹೊರಗೆ ಬಂದು ಬೇವಿನ ಮರದ ಕೆಳಗೆ ಅವನನ್ನು ನಿಲ್ಲಿಸಿದೆ. "ನನಗೆ ಹೊಳೆಯಲಿಲ್ಲ ಕಣೋ," ಎಂದೆ.

"ನಂಗೂ ಒಳೀಲಿಲ್ಲ ಬುಡು. ನೀನು ಮೂರ್ ದಿನ ಬದಿನ್ ಮ್ಯಾಲೆ ಮಲಿಕ್ಕಂಡಿದ್ದೆ, ಒಂದ್ ದಿನ್ವಾದ್ರೂ ಬ್ಯಾಡ ಅಂದ್ನಾ?" ಬೇವಿನ ಕಡ್ಡಿಯೊಂದನ್ನು ಮುರಿದು, "ಪೋಟೋ ಚೆಂದಾಗೈತೆ ಕಣ್ಲಾ. ನಾನ್ ಅಂಗ್ ಓಡ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ," ಎಂದ.

ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಯೋಚಿಸಿದೆ. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಬೋಪಯ್ಯ ಮೇಷ್ಟ್ರ ಮನೆಗೆ ಹೋದೆ. ಅವರು ಮೀಸೆ ಕತ್ತರಿಸಿಕೊಳ್ಳುತ್ತಿದ್ದರು.

"ಸಾರ್, ಆ ಫೋಟೋ ನಿಜವಾದದ್ದಲ್ಲ. ನಾನು ಹೇಳಿ ಮಾಡಿಸಿದ್ದು. ಖಾಲಿ ಚೀಲಕ್ಕೆ ಹುಲ್ಲು ತುಂಬಿ ಹೊರಿಸಿದೆ. ಚೆನ್ನಾಗಿ ಕಾಣಲಿ ಅಂತ."

ಅವರು ಕತ್ತರಿ ಕೆಳಗಿಟ್ಟರು. ಒಳಗಿನಿಂದ ಫೋಟೋ ತಂದು ಭೂತಗನ್ನಡಿ ಹಿಡಿದರು.

"ಎರಡೂ ಕಾಲು ಮೇಲಿವೆಯಲ್ಲ?"

"ನೆಗಿ ಅಂದೆ ಸಾರ್. ನೆಗೆದ."

"ಎಷ್ಟು ಸಲ?"

"ಆರು ಸಲ."

"ಫೋಟೋ ಎಷ್ಟು?"

"ಒಂದೇ ಸಾರ್. ಮೊದಲ ಐದು ಸಲ ಬರೀ ಅಭ್ಯಾಸ. ಫಿಲ್ಮ್ ಸಿಗೋದಿಲ್ಲವಲ್ಲ, ಯುದ್ಧ."

ಬೋಪಯ್ಯ ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ನನ್ನತ್ತ ತಿರುಗಿದರು. ಅವರ ಒಂದು ಕಡೆಯ ಮೀಸೆ ಮಾತ್ರ ಕತ್ತರಿಸಿ ಆಗಿತ್ತು. ಆದರೂ ನನಗೆ ನಗು ಬರಲಿಲ್ಲ.

"ಇದನ್ನು ಬರೆದು ಸಹಿ ಹಾಕುತ್ತೀಯಾ?"

"ಹಾಕುತ್ತೇನೆ ಸಾರ್."

"ಹಾಕಿದ ಮೇಲೆ ಅದೇ ನಿಜ. ಪತ್ರಿಕೆಯಲ್ಲಿ ನೀನು ತೆಗೆದ ಒಂದು ಫೋಟೋವೂ ಬರುವುದಿಲ್ಲ. ಸುಳ್ಳು ಫೋಟೋ ತೆಗೆದವನು ಅಂತಲೇ ನಿನ್ನನ್ನು ಕರೆಯುತ್ತಾರೆ. ಆಮೇಲೆ ಬಂದು ಅಳಬೇಡ."

ಬರೆದೆ, ಸಹಿ ಹಾಕಿದೆ. ಬದುಕಿನಲ್ಲಿ ನಾನು ಸುಳ್ಳಿಗೆ ಸಹಿ ಹಾಕಿದ್ದು ಅದೊಂದೇ ಸಲ. ಅದರ ಅಕ್ಷರವೂ ಎಂದಿನಂತೆ ದುಂಡಗೇ ಬಂದಿತ್ತು.

ಸುದ್ದಿ ಅದೇ ಸಂಜೆ ಪೇಟೆಗೆ ತಲುಪಿತು. ಮಾವ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದರು. "ಆರು ಸಲ ನೆಗೆಸಿದೆಯಂತೆ. ಬೆನ್ನ ಮೇಲಿನ ಬೆವರು, ಕಾಲಿನ ಹಿಂದೆ ಎದ್ದ ಧೂಳು, ಎಲ್ಲ ನೀನು ಹೇಳಿದ ಹಾಗೆ ಬಂದವೋ?"

"ಬಂದವು ಮಾವ."

"ಹಾಗಾದರೆ ನಿನ್ನಂಥ ಫೋಟೋಗ್ರಾಫರ್ ಮೈಸೂರು ಸೀಮೆಯಲ್ಲೇ ಇಲ್ಲ," ಎಂದು ನೆಗೆಟಿವನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಬೆಳಿಗ್ಗೆ ಆರಕ್ಕೆ ಎಂದಿನಂತೆ ತಟ್ಟೆ ತೊಳೆಯಲು ಕರೆದರು.

ಮೈಸೂರಿನವರು ಉತ್ತರವನ್ನು ಒಪ್ಪಿದರು. ಪುಟ್ಟಬಸವ ಓಡಬಹುದು, ಫೋಟೋ ತೆಗೆದ ವಿದ್ಯಾರ್ಥಿ ಕ್ಯಾಮೆರಾ ಹಿಡಿದು ಮೈದಾನಕ್ಕೆ ಬರಕೂಡದು. ಸಾಮಾನು ನೋಡಿಕೊಳ್ಳುವ ನೆಪದಲ್ಲಿ ಬೋಪಯ್ಯ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೋದರು. ಓಟಕ್ಕೆ ಮುಂಚೆ ಪುಟ್ಟಬಸವನ ತಲೆ ಹಿಡಿದು ವಾಂತಿ ಮಾಡಿಸಿದವನು ನಾನೇ. ಆ ಓಟವನ್ನು ನಾನು ಮೊದಲಿನಿಂದ ಕೊನೆಯವರೆಗೆ ಬರಿಗಣ್ಣಿನಲ್ಲಿ ನೋಡಿದೆ. ಹನ್ನೆರಡು ಸುತ್ತು, ಒಂದೇ ಹೆಜ್ಜೆ. ಕೊನೆಯಲ್ಲಿ ಒಬ್ಬ ಬಲವಾದ ಹುಡುಗ ಅವನನ್ನು ದಾಟಿದ. ಎರಡನೆಯ ಬಹುಮಾನ, ಅಂಗೈಯಗಲದ ಬೆಳ್ಳಿ ಬಣ್ಣದ ಕಪ್.

ಮರುದಿನ ಬೆಳಗಿನ ರೈಲಿನಲ್ಲಿ ಹಿಂದಿರುಗಿದೆವು. ಪುಟ್ಟಬಸವ ಹೊಳೆನರಸೀಪುರದಲ್ಲಿ ಇಳಿಯಬೇಕಿತ್ತು. ನಾನೂ ಇಳಿದೆ, ಮೇಷ್ಟ್ರೂ ಇಳಿದರು. "ಅವನ ಅಪ್ಪನಿಗೆ ಎರಡು ಮಾತು ಹೇಳಬೇಕು, ಸಂಜೆ ರೈಲಿಗೆ ಹೋಗೋಣ," ಎಂದರು. ನಾನು ಬೆರಳು ಮಡಿಸಿ ವಾರ ಎಣಿಸಿದೆ. ಅದು ಶನಿವಾರ, ಚೀಲ ಮಗನ ಹೆಗಲಿಗೆ ಬರುವ ದಿನ.

ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಮಾದಪ್ಪ ಚೀಲ ತೆಗೆದುಕೊಂಡು ಹೊರಡುವುದರಲ್ಲಿದ್ದರು. ಮಂಡಿಗೆ ಬಟ್ಟೆ ಸುತ್ತಿತ್ತು. ಮಗ ಕಪ್ಪನ್ನು ತೋರಿಸಿದ. ಅವರು ಅದನ್ನು ಬೆರಳಲ್ಲಿ ತಟ್ಟಿ ನೋಡಿದರು.

"ಕಾಪಿ ಕುಡೀಬೌದೇನ್ಲಾ ಇದ್ರಲ್ಲಿ?"

"ಬ್ಯಾಡ ಕಣಪ್ಪ, ಬಣ್ಣ ಓಯ್ತದೆ."

ನಾಲ್ವರೂ ಹೊರಟೆವು. ಮಾದಪ್ಪ ಮುಂದೆ, ಒಂದು ಕಾಲನ್ನು ಎಳೆಯುತ್ತ. ಅವರ ಪಕ್ಕದಲ್ಲಿ ಪುಟ್ಟಬಸವ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಹಿಂದೆ ಮೇಷ್ಟ್ರು ಮತ್ತು ನಾನು. ಕೋಲಿನ ಗೆಜ್ಜೆ ಒಂದು ಸಲ ಜೋರಾಗಿ, ಒಂದು ಸಲ ಮೆಲ್ಲಗೆ ನುಡಿಯುತ್ತಿತ್ತು. ಮೇಷ್ಟ್ರು ಅದನ್ನು ಕೇಳುತ್ತಲೇ ನಡೆಯುತ್ತಿದ್ದರು. ಮನೆಗಳು ಮುಗಿದವು. ಮಾದಪ್ಪ ನಿಂತು, ಹಣೆ ಒರೆಸಿಕೊಂಡು, ಹಿಂದಕ್ಕೆ ತಿರುಗಿ ಮೇಷ್ಟ್ರನ್ನು ನೋಡಿ, ಮತ್ತೆ ನಡೆದರು. ಪುಟ್ಟಬಸವನ ಕೈ ಬೆನ್ನ ಹಿಂದೆಯೇ ಇತ್ತು.

ಒಂದು ಮೈಲಿಗಲ್ಲಿನ ಹತ್ತಿರ ಬೋಪಯ್ಯ ಮೇಷ್ಟ್ರು ನಿಂತರು.

"ತಾಳಿ. ನನ್ನ ಶೂ ಲೇಸು ಬಿಚ್ಚಿದೆ."

ನಾನು ನೋಡಿದೆ. ಲೇಸು ಬಿಚ್ಚಿರಲಿಲ್ಲ. ಅವರು ನಮಗೆ ಬೆನ್ನು ಹಾಕಿ, ಪೇಟೆಯ ಕಡೆ ಮುಖ ಮಾಡಿ, ಒಂದು ಮಂಡಿ ನೆಲಕ್ಕೂರಿ ಕೂತರು. ಬಲಗಾಲಿನ ಗಂಟನ್ನು ಬಿಚ್ಚಿದರು. ಲೇಸನ್ನು ಎಲ್ಲ ತೂತುಗಳಿಂದಲೂ ಹೊರಗೆಳೆದು, ಒಂದೊಂದಾಗಿ ಮತ್ತೆ ಪೋಣಿಸಿ ಕಟ್ಟಿದರು. ಆಮೇಲೆ ಎಡಗಾಲಿನದನ್ನು ಬಿಚ್ಚತೊಡಗಿದರು. ನಾನೂ ಪೇಟೆಯ ಕಡೆ ತಿರುಗಿ ನಿಂತೆ. ನಮ್ಮ ಬೆನ್ನ ಹಿಂದೆ ಯಾರೋ ಗಟ್ಟಿಯಾಗಿ ಉಸಿರು ಬಿಟ್ಟರು, ಚೀಲದ ಪಟ್ಟಿ ಸರಿದ ಸದ್ದಾಯಿತು.

ಮೇಷ್ಟ್ರು ಎದ್ದು ಮಂಡಿಯ ಧೂಳು ಕೊಡವಿದರು. ಮಾದಪ್ಪ ಮೈಲಿಗಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಬಹುಮಾನದ ಕಪ್ ಇತ್ತು.

"ಹುಡುಗ ಎಲ್ಲಿ ಮಾದಪ್ಪ?"

"ಮುಂದ್ಕೋದ ಸಾ. ಅವ್ನಿಗೆ ನಮ್ ಜೊತೆ ಮೆಲ್ಲುಕ್ ನಡ್ಯಕ್ಕಾಗಕ್ಕಿಲ್ಲ."

"ಸರಿ," ಎಂದರು ಮೇಷ್ಟ್ರು. ಕೈಗಡಿಯಾರ ನೋಡಿಕೊಂಡರು. ರಸ್ತೆಯ ತುದಿಯವರೆಗೂ ಕಣ್ಣು ಹಾಯಿಸಲಿಲ್ಲ.

ಮಾದಪ್ಪ ನನ್ನ ಬರಿಗೈಯನ್ನು ನೋಡಿದರು. "ಏನ್ ಸ್ವಾಮಿ, ಇವತ್ತು ಕ್ಯಾಮ್ರ ತಂದಿಲ್ವಾ?"

"ಇಲ್ಲ ಮಾದಪ್ಪ."

"ಒಳ್ಳೇದಾಯ್ತು," ಎಂದು ಕಲ್ಲಿನ ಮೇಲೆ ಸ್ವಲ್ಪ ಸರಿದರು. "ಬನ್ನಿ, ಕುಂತ್ಕಳಿ."